ಕಾರಿನ ಬಣ್ಣಕ್ಕೆ ಹೊಳಪು: ಬಫಿಂಗ್ ಯಂತ್ರ ಕಲಿಯುವವರು ತಿಳಿದಿರಬೇಕಾದ ಸಂಗತಿಗಳು

ಬೋರಾಮಣಿ: ಸೊಲ್ಲಾಪುರದಿಂದ ಹೈದರಾಬಾದ್ ಕಡೆಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ, ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿರುವ ಊರು ಬೋರಾಮಣಿ. ಇಲ್ಲಿ ರಸ್ತೆಯ ಬದಿಗೆ ಸ್ವಲ್ಪ ಹೊತ್ತು ನಿಂತರೆ ಸೊಲ್ಲಾಪುರದ ಎಂಎಚ್-13 ಗಾಡಿಗಳ ನಡುವೆ ಕಲಬುರಗಿಯ ಕೆಎ-32, ವಿಜಯಪುರದ ಕೆಎ-28 ಗಾಡಿಗಳೂ ಹಾದುಹೋಗುವುದು ಕಾಣುತ್ತದೆ. ಗಾಡಿಗಳು ಹೆಚ್ಚಿದಂತೆ ಅವುಗಳನ್ನು ತೊಳೆಯುವ, ತಗ್ಗು ಎತ್ತುವ, ಬಣ್ಣ ಹಚ್ಚುವ, ಹೊಳಪು ಕೊಡುವ ಕೆಲಸಗಳೂ ಹೆಚ್ಚಿವೆ. ಸೊಲ್ಲಾಪುರ ಹಾಗೂ ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳಲ್ಲಿ ಓದಿ ಈ ಕೆಲಸಕ್ಕೆ ಸೇರುವ ಹುಡುಗರಿಗೆ ಒಂದು ತೊಡಕಿದೆ. ಯಂತ್ರದ ಪೆಟ್ಟಿಗೆಯಲ್ಲಿ ಬರುವ ಸೂಚನಾಪತ್ರ ಇಂಗ್ಲಿಷಿನಲ್ಲಿರುತ್ತದೆ. ಮೇಸ್ತ್ರಿಯ ಮಾತು ಮರಾಠಿ, ಹಿಂದಿಗಳಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಓದಿ ತಿಳಿಯಲು ಏನೂ ಕೈಗೆ ಸಿಗುವುದಿಲ್ಲ. ಆ ಕೊರತೆಯನ್ನು ಅಷ್ಟಿಷ್ಟು ತುಂಬುವ ಉದ್ದೇಶದಿಂದ ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಪಾಲಿಶ್ ಮಾಡುವುದೆಂದರೆ ಬಣ್ಣದ ಮೇಲೆ ಏನನ್ನೋ ಹಚ್ಚಿ ಹೊಳಪು ತರುವುದೆಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಪಾಲಿಶ್ ಎಂದರೆ ಬಣ್ಣದ ಮೇಲ್ಪದರವನ್ನು ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ತೆಗೆಯುವುದು. ತೆಗೆದದ್ದು ಮರಳಿ ಬರುವುದಿಲ್ಲ. ಈ ಕಸುಬಿನ ಎಲ್ಲ ಜಾಣತನವೂ, ಎಲ್ಲ ಅಪಾಯವೂ ಈ ಒಂದು ಸಂಗತಿಯಲ್ಲಿ ಅಡಗಿವೆ.

ಬಣ್ಣದ ಪದರಗಳು

ಕಾರ್ಖಾನೆಯಿಂದ ಬಂದ ಇಂದಿನ ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣವಿರುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ಒಟ್ಟು ದಪ್ಪ ಸುಮಾರು 100ರಿಂದ 150 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ನಾವು ಯಂತ್ರ ಹಿಡಿದು ಕೆಲಸ ಮಾಡುವ ಪದರ ಎಷ್ಟು ತೆಳುವೆಂಬುದು ತಿಳಿಯುತ್ತದೆ.

ಬಣ್ಣ ಮಂಕಾಗಿ ಕಾಣುವುದಕ್ಕೆ ಕ್ಲಿಯರ್ ಕೋಟಿನ ಮೇಲೆ ಬಿದ್ದ ಸಾವಿರಾರು ಸಣ್ಣ ಗೀರುಗಳು ಕಾರಣ. ಮರಾಠಿಯವರು ‘ಓರಖಡಾ’ ಎನ್ನುವುದು ಇದನ್ನೇ. ನುಣುಪಾದ ಮೈಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಗೀರುಬಿದ್ದ ಮೈಮೇಲೆ ಬಿದ್ದ ಬೆಳಕು ಚದುರುತ್ತದೆ. ಬಫಿಂಗ್ ಯಂತ್ರವು ಗೀರಿನ ಸುತ್ತಲಿನ ಮಟ್ಟವನ್ನು ಗೀರಿನ ತಳದವರೆಗೆ ಇಳಿಸುತ್ತದೆ. ಗೀರನ್ನು ತುಂಬುವುದಿಲ್ಲ. ಆಳವಾದ ಗೀರು ತೆಗೆಯಹೊರಟರೆ ಅಷ್ಟೇ ಆಳಕ್ಕೆ ಕ್ಲಿಯರ್ ಕೋಟನ್ನು ಕಳೆದುಕೊಳ್ಳಬೇಕಾಗುತ್ತದೆ.

ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ದ್ರವ್ಯಗಳು ಇರುವುದೂ ಈ ಮೇಲ್ಪದರದಲ್ಲಿಯೇ. ಆದ್ದರಿಂದ ಗಾಡಿಯ ಆಯುಷ್ಯದುದ್ದಕ್ಕೂ ಸೇರಿ ಸುಮಾರು 10 ಮೈಕ್ರಾನ್‌ಗಿಂತ ಹೆಚ್ಚು ತೆಗೆಯಬಾರದೆಂಬುದು ಈ ಕಸುಬಿನಲ್ಲಿ ರೂಢಿಯಲ್ಲಿರುವ ಎಚ್ಚರಿಕೆ. ಅದನ್ನು ಮೀರಿದ ಗಾಡಿಗಳ ಬಾನೆಟ್ ಹಾಗೂ ಮೇಲ್ಛಾವಣಿಯ ಮೇಲೆ ಕೆಲವು ವರ್ಷಗಳ ನಂತರ ಬಿಳಿ ಚಕ್ಕೆಗಳೇಳುತ್ತವೆ. ಆಗ ಪಾಲಿಶ್ ಉಪಯೋಗಕ್ಕೆ ಬಾರದು. ಹೊಸದಾಗಿ ಬಣ್ಣ ಹಚ್ಚುವುದೊಂದೇ ದಾರಿ.

ಹಳೆಯ ಗಾಡಿಗಳ ಸಂಗತಿ ಬೇರೆ. ಹಳೆಯ ಅಂಬಾಸಡರ್, ಪದ್ಮಿನಿಗಳಂಥ ಗಾಡಿಗಳಿಗೆ ಕ್ಲಿಯರ್ ಕೋಟ್ ಇಲ್ಲದ ಒಂದೇ ಬಗೆಯ ಬಣ್ಣವಿರುತ್ತಿತ್ತು. ಅವನ್ನು ಉಜ್ಜಿದರೆ ಪ್ಯಾಡಿಗೆ ಗಾಡಿಯ ಬಣ್ಣ ಹತ್ತುವುದು ಸಹಜ. ಆದರೆ ಕ್ಲಿಯರ್ ಕೋಟ್ ಇರುವ ಗಾಡಿಯನ್ನು ಉಜ್ಜುವಾಗ ಪ್ಯಾಡಿನ ಮೇಲೆ ಬಣ್ಣ ಕಂಡರೆ ಮೇಲ್ಪದರ ತೂತಾಗಿದೆಯೆಂದೇ ಅರ್ಥ. ಯಾವ ಬಗೆಯದೆಂದು ತಿಳಿಯದಿದ್ದರೆ ಮರೆಯಾದ ಜಾಗದಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಕೈಯಿಂದ ಉಜ್ಜಿ ನೋಡಬೇಕು.

ಯಂತ್ರ

ಹೊಳಪು ಕೊಡುವ ಯಂತ್ರಗಳಲ್ಲಿ ಎರಡು ಮುಖ್ಯ ಬಗೆ. ಮೊದಲನೆಯದು ರೋಟರಿ. ಇದರ ಪ್ಯಾಡ್ ಒಂದೇ ಅಚ್ಚಿನ ಮೇಲೆ ಬೀಸುವ ಕಲ್ಲಿನಂತೆ ಗರಗರ ತಿರುಗುತ್ತದೆ. ಎರಡನೆಯದು ಡ್ಯುಯಲ್ ಆಕ್ಷನ್. ಇದರ ಪ್ಯಾಡ್ ತಿರುಗುತ್ತಲೇ ಓಲಾಡುತ್ತದೆ. ಹೆಚ್ಚು ಒತ್ತಿದರೆ ತಿರುಗುವುದನ್ನು ನಿಲ್ಲಿಸುತ್ತದೆ. ಹೀಗಾಗಿ ಎರಡನೆಯದರಿಂದ ಬಣ್ಣ ಸುಡುವ ಭಯ ಕಡಿಮೆ. ರೋಟರಿ ಒತ್ತಿದರೂ ನಿಲ್ಲುವುದಿಲ್ಲ. ಕೆಲಸ ಬೇಗ ಮುಗಿಸುತ್ತದೆ, ತಪ್ಪನ್ನೂ ಅಷ್ಟೇ ಬೇಗ ಮಾಡಿಸುತ್ತದೆ.

ಸಾಮಾನ್ಯ ರೋಟರಿ ಯಂತ್ರಗಳ ವೇಗ ನಿಮಿಷಕ್ಕೆ ಸುಮಾರು 600ರಿಂದ 3000 ಸುತ್ತು. ಏಳು ಅಂಗುಲದ, ಅಂದರೆ ಸುಮಾರು 180 ಮಿಲಿಮೀಟರಿನ ಪ್ಯಾಡ್ 1500 ಸುತ್ತಿನ ವೇಗದಲ್ಲಿ ತಿರುಗಿದರೆ ಅದರ ಹೊರ ಅಂಚು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಬಣ್ಣವನ್ನು ಉಜ್ಜುತ್ತದೆ. 3000ಕ್ಕೆ ಏರಿಸಿದರೆ ನೂರು ದಾಟುತ್ತದೆ. ಪ್ಯಾಡಿನ ನಡುವೆ ವೇಗ ಕಡಿಮೆ, ಅಂಚಿನಲ್ಲಿ ಹೆಚ್ಚು. ಯಂತ್ರವನ್ನು ಓರೆಯಾಗಿ ಹಿಡಿದಾಗ ಬಣ್ಣ ಬೇಗ ಬಿಸಿಯಾಗುವುದಕ್ಕೆ ಇದೇ ಕಾರಣ.

ತಗಡು ಕೊರೆಯುವ ಆ್ಯಂಗಲ್ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡುವುದನ್ನು ಕೆಲವೆಡೆ ಕಾಣುತ್ತೇವೆ. ಅದನ್ನು ಮಾಡಲೇಬಾರದು. ಅಂಥ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರದ ಆಸುಪಾಸಿನಲ್ಲಿ ತಿರುಗುತ್ತದೆ. ಬಣ್ಣಕ್ಕೂ ಕೆಲಸಗಾರನಿಗೂ ಅದು ಅಪಾಯ. ಯಂತ್ರ ಕೊಳ್ಳುವಾಗ ವೇಗ ಬದಲಿಸುವ ಗುಂಡಿ, ನಿಧಾನವಾಗಿ ಆರಂಭವಾಗುವ ವ್ಯವಸ್ಥೆ, ಒತ್ತಿದಾಗಲೂ ವೇಗವನ್ನು ಒಂದೇ ಸಮ ಇಡುವ ಎಲೆಕ್ಟ್ರಾನಿಕ್ ನಿಯಂತ್ರಣ ಇವೆಯೇ ಎಂದು ನೋಡಬೇಕು. ಲೋಡ್ ಶೆಡ್ಡಿಂಗ್ ಮುಗಿದು ಕರೆಂಟ್ ಬಂದಾಗ ವೋಲ್ಟೇಜ್ ಏರಿಳಿಯುವ ನಮ್ಮ ಹಳ್ಳಿಗಳಲ್ಲಿ ಕೊನೆಯದು ಬಹಳ ಮುಖ್ಯ. ಕರೆಂಟ್ ಹೋದ ಕೂಡಲೇ ಯಂತ್ರದ ಸ್ವಿಚ್ ತೆಗೆಯುವ ರೂಢಿಯನ್ನೂ ಮೊದಲ ದಿನವೇ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕರೆಂಟ್ ಬಂದ ಗಳಿಗೆಯಲ್ಲಿ ಯಂತ್ರ ತಾನಾಗಿ ಎದ್ದು ಕುಣಿಯುತ್ತದೆ.

ಪ್ಯಾಡ್ ಮತ್ತು ಕಾಂಪೌಂಡ್

ಕೆಲಸ ಮಾಡುವುದು ಯಂತ್ರವೆಂದು ತೋರಿದರೂ ಬಣ್ಣವನ್ನು ನಿಜವಾಗಿ ಕೊರೆಯುವುದು ಪ್ಯಾಡ್ ಹಾಗೂ ಕಾಂಪೌಂಡ್. ಉಣ್ಣೆಯ ಪ್ಯಾಡ್ ಬಹಳ ಬೇಗ ಕೊರೆಯುತ್ತದೆ. ಗಟ್ಟಿ ಫೋಮ್ ಅದಕ್ಕಿಂತ ಕಡಿಮೆ, ಮೃದು ಫೋಮ್ ಎಲ್ಲಕ್ಕಿಂತ ಕಡಿಮೆ. ಫೋಮಿನ ಬಣ್ಣ ನೋಡಿ ಗಟ್ಟಿಯೋ ಮೃದುವೋ ಎಂದು ತೀರ್ಮಾನಿಸಬಾರದು. ಒಂದು ಕಂಪನಿಯ ಹಳದಿ ಗಟ್ಟಿಯಾಗಿದ್ದರೆ ಇನ್ನೊಂದರ ಹಳದಿ ಮೃದುವಾಗಿರಬಹುದು.

ಕಾಂಪೌಂಡಿನಲ್ಲಿ ಅಲ್ಯುಮಿನಿಯಂ ಆಕ್ಸೈಡಿನಂಥ ಗಟ್ಟಿ ಪುಡಿ ಇರುತ್ತದೆ. ಒರಟು ಪುಡಿಯದನ್ನು ಗ್ಯಾರೇಜುಗಳಲ್ಲಿ ‘ರಬ್ಬಿಂಗ್’ ಎಂದೂ ನಯವಾದುದನ್ನು ‘ಪಾಲಿಶ್’ ಎಂದೂ ಕರೆಯುವ ರೂಢಿ ಇದೆ. ವ್ಯಾಕ್ಸ್ ಇವೆರಡಕ್ಕಿಂತ ಬೇರೆ. ಅದು ಏನನ್ನೂ ಕೊರೆಯುವುದಿಲ್ಲ; ಕೆಲಸ ಮುಗಿದ ಮೇಲೆ ಬಣ್ಣದ ಮೇಲೆ ಕೂರುವ ಕಾಪು ಅಷ್ಟೇ.

ಕಲಿಯುವವರು ನೆನಪಿಡಬೇಕಾದ ನಿಯಮ ಇಷ್ಟೇ: ಎಲ್ಲಕ್ಕಿಂತ ಮೃದುವಾದ ಪ್ಯಾಡ್ ಹಾಗೂ ಎಲ್ಲಕ್ಕಿಂತ ನಯವಾದ ಪಾಲಿಶಿನಿಂದ ಆರಂಭಿಸಬೇಕು. ಬಾನೆಟ್ಟಿನ ಒಂದು ಮೂಲೆಯಲ್ಲಿ ಒಂದೂವರೆ ಅಡಿ ಚೌಕದಷ್ಟು ಜಾಗವನ್ನು ಪರೀಕ್ಷೆಗೆ ಇಟ್ಟುಕೊಂಡು ನೋಡಬೇಕು. ಗೀರು ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಏರಬೇಕು. ನಮ್ಮ ಭಾಗದಲ್ಲಿ ಬಹುಮಟ್ಟಿಗೆ ನಡೆಯುವುದು ಇದರ ವಿರುದ್ಧ. ಉಣ್ಣೆ ಪ್ಯಾಡ್ ಹಾಗೂ ರಬ್ಬಿಂಗ್ ಕಾಂಪೌಂಡ್ ಎಲ್ಲ ಗಾಡಿಗೂ ಮೊದಲ ಮದ್ದಾಗಿವೆ.

ನಮ್ಮ ನೆಲದ ಧೂಳು, ನೀರು, ಬಿಸಿಲು

ಸೊಲ್ಲಾಪುರ, ಅಕ್ಕಲಕೋಟೆಗಳದು ಎರೆಭೂಮಿ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ನುಣ್ಣನೆಯ ಧೂಳಾಗಿ ಏಳುತ್ತದೆ. ಹೆದ್ದಾರಿಯ ಬದಿಯಲ್ಲಿ ಇದಕ್ಕೆ ಸಿಮೆಂಟ್ ಹಾಗೂ ಜಲ್ಲಿಯ ಪುಡಿಯೂ ಸೇರುತ್ತದೆ. ಈ ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಪಟ್ಟು ಗಟ್ಟಿ. ಒಣ ಬಟ್ಟೆಯಿಂದ ಧೂಳು ಒರೆಸುವ ನಮ್ಮ ನಿತ್ಯದ ಅಭ್ಯಾಸವೇ ಬಹುಪಾಲು ಗೀರುಗಳ ಮೂಲ. ಪಾಲಿಶ್ ಮಾಡುವ ಮುನ್ನ ಮೊದಲು ಬರಿಯ ನೀರು ಹಾಯಿಸಿ, ಆಮೇಲೆ ಶಾಂಪೂ ನೀರಿನಿಂದ ತೊಳೆದು, ಬೆರಳಿಗೆ ಇನ್ನೂ ಒರಟೆನಿಸಿದರೆ ಕ್ಲೇ ಬಾರಿಗೆ ಸೋಪುನೀರು ಹಚ್ಚಿ ಮೆಲ್ಲಗೆ ಜಾರಿಸಿ ಸ್ವಚ್ಛ ಮಾಡಬೇಕು. ಒಂದು ಕಣ ಪ್ಯಾಡಿಗೆ ಸಿಕ್ಕಿಬಿದ್ದರೂ ಅದು ಬಾನೆಟ್ ತುಂಬ ಸುತ್ತುಗೀರು ಬರೆಯುತ್ತದೆ.

ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಸವಳು. ತೊಳೆದ ಗಾಡಿಯನ್ನು ಬಿಸಿಲಲ್ಲಿ ಒಣಗಲು ಬಿಟ್ಟರೆ ಹನಿಯಿದ್ದ ಜಾಗದಲ್ಲೆಲ್ಲ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಹೊಸ ಕಲೆಗೆ ನೀರು ಬೆರೆಸಿದ ಬಿಳಿ ವಿನೆಗರ್ ಸಾಕು. ಹಚ್ಚಿ, ಕೂಡಲೇ ತೊಳೆಯಬೇಕು. ಬಣ್ಣವನ್ನು ಕೊರೆದು ಒಳಗಿಳಿದ ಹಳೆಯ ಕಲೆಗಷ್ಟೇ ಪಾಲಿಶ್ ಬೇಕು.

ಗಾಡಿ ಒರೆಸಲು ಸೊಲ್ಲಾಪುರದ ಟೆರ್ರಿ ಟಾವೆಲ್ ಬಳಸುವುದು ನಮ್ಮಲ್ಲಿ ಸಾಮಾನ್ಯ. ಭೌಗೋಳಿಕ ಸೂಚಕ ಪಡೆದ ನಮ್ಮೂರ ಟಾವೆಲ್ ಬಗ್ಗೆ ನಮಗೆ ಅಭಿಮಾನವಿದೆ. ಅದು ಮೈ ಒರೆಸಲು, ಗಾಡಿಯ ಬಾಗಿಲಿನ ಸಂದಿಯ ನೀರು ಹೀರಲು ಯೋಗ್ಯ. ಆದರೆ ಪಾಲಿಶ್ ಆದ ಬಣ್ಣದ ಮೇಲೆ ಉದ್ದ ಎಳೆಯ ಮೈಕ್ರೋಫೈಬರ್ ಬಟ್ಟೆಯನ್ನೇ ಬಳಸಬೇಕು. ಟಾವೆಲ್ಲಿನ ಹೊಲಿದ ಅಂಚು ಹೊಸ ಗೀರು ಹಾಕುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಗಾಡಿಯ ಬಾನೆಟ್ ಮೇಲೆ ಕೈ ಇಡಲೂ ಆಗದು. ಅಂಥ ತಗಡಿನ ಮೇಲೆ ಕಾಂಪೌಂಡ್ ಕೂಡಲೇ ಒಣಗುತ್ತದೆ, ಬಣ್ಣ ಮೆತ್ತಗಾಗುತ್ತದೆ. ಬೆಳಗಿನ ಹೊತ್ತಿನಲ್ಲಿ, ನೆರಳಿನಲ್ಲಿ, ತಗಡು ತಣ್ಣಗಿದ್ದಾಗ ಮಾತ್ರ ಯಂತ್ರ ಹಿಡಿಯಬೇಕು.

ಮೊದಲ ಪಾಠ ಭಂಗಾರದ ಬಾನೆಟ್ ಮೇಲೆ

ಕಲಿಯುವವರು ಮೊದಲ ಕೆಲಸವನ್ನು ಯಾರ ಗಾಡಿಯ ಮೇಲೂ ಮಾಡಬಾರದು. ಭಂಗಾರದ ಅಂಗಡಿಯಲ್ಲಿ ಹಳೆಯ ಬಾನೆಟ್ ಸಿಗುತ್ತದೆ. ಕಪ್ಪು ಅಥವಾ ಕಡುನೀಲಿಯದಾದರೆ ಒಳ್ಳೆಯದು, ಏಕೆಂದರೆ ತಪ್ಪುಗಳು ಅದರಲ್ಲಿ ಎದ್ದು ಕಾಣುತ್ತವೆ. ಅದನ್ನು ಅಲುಗಾಡದಂತೆ ಕಟ್ಟಿಟ್ಟು ಹೀಗೆ ಕಲಿಯಬೇಕು:

1. ಪ್ಯಾಡನ್ನು ತಟ್ಟೆಯ ನಟ್ಟನಡುವೆ ಕೂರಿಸಬೇಕು. ಸ್ವಲ್ಪ ಸರಿದರೂ ಯಂತ್ರ ನಡುಗುತ್ತದೆ.
2. ವೈರನ್ನು ಹೆಗಲ ಮೇಲಿಂದ ಬೆನ್ನಿಗೆ ಬಿಟ್ಟುಕೊಳ್ಳಬೇಕು. ಅದು ಬಣ್ಣಕ್ಕೆ ಉಜ್ಜಬಾರದು, ಪ್ಯಾಡಿಗೆ ಸಿಗಬಾರದು.
3. ಕಡಲೆಕಾಳಿನಷ್ಟು ಗಾತ್ರದ ನಾಲ್ಕೈದು ಬೊಟ್ಟು ಕಾಂಪೌಂಡನ್ನು ಪ್ಯಾಡಿಗೆ ಇಡಬೇಕು. ಹೆಚ್ಚು ಹಾಕಿದರೆ ಹೆಚ್ಚು ಹೊಳಪು ಬರುವುದಿಲ್ಲ, ಗೋಡೆಗೆ ಸಿಡಿಯುತ್ತದೆ.
4. ಯಂತ್ರ ನಿಂತಿರುವಾಗಲೇ ಪ್ಯಾಡನ್ನು ಬಣ್ಣಕ್ಕೆ ತಾಗಿಸಿ, ಆಮೇಲೆ ಆರಂಭಿಸಬೇಕು. ನಿಲ್ಲಿಸುವಾಗ ಯಂತ್ರ ಪೂರ್ತಿ ನಿಂತ ಮೇಲೆ ಎತ್ತಬೇಕು.
5. ಮೊದಲು 600ರಿಂದ 900 ಸುತ್ತಿನಲ್ಲಿ ಕಾಂಪೌಂಡನ್ನು ಒಂದೂವರೆ ಎರಡು ಅಡಿ ಚೌಕದಲ್ಲಿ ಹರಡಬೇಕು. ನಂತರ 1200ರಿಂದ 1500ಕ್ಕೆ ಏರಿಸಬೇಕು. ಕಲಿಯುವವರಿಗೆ ಅದಕ್ಕಿಂತ ಹೆಚ್ಚಿನ ವೇಗ ಬೇಡ.
6. ಹೊಲದಲ್ಲಿ ಸಾಲು ಹೊಡೆದಂತೆ ಮೊದಲು ಅಡ್ಡ, ಆಮೇಲೆ ಉದ್ದ ಸಾಗಬೇಕು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಕೈ ನಿಧಾನವಾಗಿ ಚಲಿಸಬೇಕು, ಆದರೆ ಎಲ್ಲಿಯೂ ನಿಲ್ಲಬಾರದು.
7. ಯಂತ್ರದ ಸ್ವಂತ ಭಾರವೇ ಬಹುಮಟ್ಟಿಗೆ ಸಾಕು. ತೋಳಿನ ಬಲ ಹಾಕುವುದು ಹೊಸಬರ ಮೊದಲ ತಪ್ಪು.
8. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಶ್‌ನಿಂದ ಉಜ್ಜಿ ಸ್ವಚ್ಛ ಮಾಡಬೇಕು. ಒಣಗಿದ ಕಾಂಪೌಂಡ್ ಮರಳುಕಾಗದದಂತೆ ಕೆಲಸ ಮಾಡುತ್ತದೆ.

ಪ್ಯಾಡ್ ಸಪಾಟಾಗಿ ಕೂತಿದ್ದರೆ ಯಂತ್ರ ಶಾಂತವಾಗಿ ಸಾಗುತ್ತದೆ. ಓರೆಯಾದ ಕೂಡಲೇ ತಾನೇ ಒಂದು ಕಡೆಗೆ ಎಳೆಯುತ್ತದೆ. ಈ ಎಳೆತವನ್ನು ಬಲದಿಂದ ತಡೆಯದೆ, ಮಣಿಕಟ್ಟನ್ನು ತುಸು ತಿರುಗಿಸಿ ಪ್ಯಾಡನ್ನು ಮತ್ತೆ ಸಪಾಟು ಮಾಡುವುದನ್ನು ಕೈ ಕಲಿಯಬೇಕು. ಎತ್ತು ಹೊಡೆಯುವವನಿಗೆ ಹಗ್ಗದ ಹದ ಗೊತ್ತಿರುವಂತೆ ಇದೊಂದು ಹದ. ಓದಿ ಬರುವುದಿಲ್ಲ, ಹಿಡಿದೇ ಬರಬೇಕು.

ಬಣ್ಣ ಸುಡುವ ಜಾಗಗಳು

ಸಪಾಟು ಜಾಗದಲ್ಲಿ ಬಣ್ಣ ಸುಡುವುದು ಅಪರೂಪ. ಸುಡುವುದು ಬಾನೆಟ್ಟಿನ ಏಣುಗಳಲ್ಲಿ, ಬಾಗಿಲಿನ ಅಂಚುಗಳಲ್ಲಿ, ಡಿಕ್ಕಿಯ ತುದಿಯಲ್ಲಿ, ಹಿಡಿಕೆಯ ಸುತ್ತ. ಬಣ್ಣ ಹಚ್ಚುವಾಗಲೇ ಏಣಿನ ಮೇಲೆ ಪದರ ತೆಳುವಾಗಿ ನಿಲ್ಲುತ್ತದೆ. ಪ್ಯಾಡಿನ ಒತ್ತಡವೆಲ್ಲ ಅದೇ ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಎರಡೂ ಸೇರಿ ಕ್ಷಣದಲ್ಲಿ ಕೆಲಸ ಕೆಡುತ್ತದೆ. ಪ್ಲಾಸ್ಟಿಕ್ ಬಂಪರಿನದು ಇನ್ನೊಂದು ತೊಂದರೆ. ತಗಡು ಶಾಖವನ್ನು ಸುತ್ತ ಹರಡುತ್ತದೆ, ಪ್ಲಾಸ್ಟಿಕ್ ಹರಡುವುದಿಲ್ಲ. ಒಂದೇ ಜಾಗ ಬೇಗ ಕಾಯುತ್ತದೆ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತೇವೆ. ಭಂಗಾರದ ಬಾನೆಟ್ ಮೇಲೆ ಎರಡು ದಿನ ಅಭ್ಯಾಸ ಮಾಡಿ, ಕೈ ಕುದುರಿತೆಂದು ನಂಬಿ, ಪರಿಚಯದವರೊಬ್ಬರ ಗಾಡಿಗೆ ಯಂತ್ರ ಹಚ್ಚಿದೆವು. ಬಾನೆಟ್ಟಿನ ನಡುಭಾಗ ಕನ್ನಡಿಯಂತಾಯಿತು. ಅದರ ಉತ್ಸಾಹದಲ್ಲಿ ಪಕ್ಕದ ಏಣಿನ ಮೇಲೂ ಅದೇ ವೇಗದಲ್ಲಿ ಸಾಗಿದೆವು. ಪ್ಯಾಡ್ ಎತ್ತಿ ನೋಡಿದರೆ ಬೆರಳುದ್ದದ ಮಂಕು ಗೆರೆ, ಅದರ ನಡುವೆ ಪ್ರೈಮರಿನ ಬೂದು ಬಣ್ಣ. ವ್ಯಾಕ್ಸ್ ಹಚ್ಚಿದೆವು, ಮುಚ್ಚಲಿಲ್ಲ. ಕೊನೆಗೆ ಇಡೀ ಬಾನೆಟ್ಟಿಗೆ ಬಣ್ಣ ಹೊಡೆಸಿಕೊಡಬೇಕಾಯಿತು. ಗಾಡಿಯವರು ಒಂದು ಮಾತನ್ನೂ ಆಡಲಿಲ್ಲ. ಅದೇ ನಮಗೆ ಹೆಚ್ಚು ಭಾರವಾಯಿತು. ಗ್ಯಾರೇಜಿನಲ್ಲಿ ದಿನಗೂಲಿಗೆ ದುಡಿಯುವ ಹುಡುಗನಿಗೆ ಇಂಥ ಒಂದು ಗೆರೆ ಎಷ್ಟು ದಿನಗಳ ಕೂಲಿಯನ್ನು ನುಂಗಬಹುದೆಂಬುದನ್ನು ಆ ದಿನ ತಿಳಿದೆವು.

ಆದ್ದರಿಂದ ಕೆಲಸಕ್ಕೆ ಮುನ್ನ ಎಲ್ಲ ಏಣು, ಅಂಚು, ರಬ್ಬರ್ ಪಟ್ಟಿ, ಹೆಸರಿನ ಫಲಕಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಟೇಪ್ ತೆಗೆದ ಮೇಲೆ ಉಳಿದ ಜಾಗವನ್ನು ಕೈಯಿಂದಲೇ ಉಜ್ಜಬೇಕು. ಕೈ ನುರಿತ ಮೇಲೆ ಅಂಚಿನ ಬಳಿ ಯಂತ್ರ ಬಳಸುವುದಾದರೆ ಪ್ಯಾಡ್ ಒಳಗಿನಿಂದ ಹೊರಕ್ಕೆ ತಿರುಗುತ್ತ ಅಂಚನ್ನು ದಾಟಿ ಹೋಗಬೇಕು; ಹೊರಗಿನಿಂದ ಅಂಚಿಗೆ ಬಡಿಯುತ್ತ ಒಳಬರಬಾರದು. ಆಗಾಗ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಸರಿ, ಅಂಗೈ ಇಡಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಬೇಕು.

ಬಿಸಿಲಿಗೆ ಬಂದಾಗ ಕಾಣುವ ದೋಷ

ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗಿ ಕಂಡ ಗಾಡಿ ಬಿಸಿಲಿಗೆ ಬಂದಾಗ ಅದರ ಮೇಲೆ ಸುರುಳಿ ಸುರುಳಿಯಾಗಿ ಹೊಳೆಯುವ ನೆರಳುಗಳು ಕಾಣುತ್ತವೆ. ಇವನ್ನು ‘ಹಾಲೊಗ್ರಾಮ್’ ಎನ್ನುತ್ತಾರೆ. ರೋಟರಿ ಯಂತ್ರ ಒಂದೇ ದಿಕ್ಕಿಗೆ ಉಜ್ಜಿ ಬಿಟ್ಟ ಸೂಕ್ಷ್ಮ ಗೀರುಗಳಿವು. ಒರಟು ಕಾಂಪೌಂಡ್ ಆದ ಮೇಲೆ ಮೃದು ಫೋಮ್ ಹಾಗೂ ನಯವಾದ ಪಾಲಿಶಿನಿಂದ 900ರಿಂದ 1200 ಸುತ್ತಿನಲ್ಲಿ, ಒತ್ತದೆ ಇನ್ನೊಮ್ಮೆ ಸಾಗಬೇಕು. ಕೊನೆಯ ಈ ಸುತ್ತಿಗೆ ಡ್ಯುಯಲ್ ಆಕ್ಷನ್ ಯಂತ್ರವಿದ್ದರೆ ಇನ್ನೂ ಒಳ್ಳೆಯದು.

ಪಾಲಿಶಿನಲ್ಲಿರುವ ಎಣ್ಣೆಯ ಅಂಶ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ನಾಲ್ಕು ಸಲ ತೊಳೆದ ಮೇಲೆ ಗೀರು ಮತ್ತೆ ಎದ್ದು, ಗಿರಾಕಿ ಮರಳಿ ಬರುತ್ತಾನೆ. ಆದ್ದರಿಂದ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಸಿಲಿನಲ್ಲಿ ಅಥವಾ ಒಂದೇ ಎಲ್‌ಇಡಿ ಬ್ಯಾಟರಿಯ ಬೆಳಕಿನಲ್ಲಿ ಪರೀಕ್ಷಿಸಿ, ಆಮೇಲೆಯೇ ವ್ಯಾಕ್ಸ್ ಹಚ್ಚಬೇಕು.

ಬಿಟ್ಟುಬಿಡಬೇಕಾದ ಗೀರು

ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆದಾಗ ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶಿಗೆ ಹೋಗುವಂಥದ್ದಲ್ಲ. ಅದರ ತೀವ್ರತೆಯನ್ನು ಸ್ವಲ್ಪ ಕಡಿಮೆ ಮಾಡಿ ಬಿಡಬೇಕು. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಪ್ರತಿ ಭಾಗವನ್ನೂ ಅಳೆಯುವುದು ಒಳ್ಳೆಯದು. ಒಂದು ಬಾಗಿಲು 120 ತೋರಿಸಿ ಪಕ್ಕದ್ದು 400 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಅಥವಾ ಪುಟ್ಟಿ ಬಿದ್ದಿದೆಯೆಂದು ತಿಳಿಯಬೇಕು. ಆದರೆ ಸಾಮಾನ್ಯ ಮೀಟರ್ ಎಲ್ಲ ಪದರಗಳ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ. ಕ್ಲಿಯರ್ ಕೋಟ್ ಎಷ್ಟು ಉಳಿದಿದೆಯೆಂದು ಹೇಳುವುದಿಲ್ಲ, ಪ್ಲಾಸ್ಟಿಕ್ ಮೇಲೆ ಕೆಲಸವನ್ನೂ ಮಾಡುವುದಿಲ್ಲ.

ಮೈ ಜೋಪಾನ

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಬೇಕು. ಸಡಿಲ ತೋಳಿನ ಅಂಗಿ, ಕೊರಳ ಟಾವೆಲ್, ಕೈಯ ಕಡಗ, ಮಣಿಕಟ್ಟಿನ ದಾರ ಇವೆಲ್ಲ ತಿರುಗುವ ಪ್ಯಾಡಿಗೆ ಸಿಗುವ ವಸ್ತುಗಳು. ತೆಗೆದಿಟ್ಟೇ ಕೆಲಸಕ್ಕೆ ನಿಲ್ಲಬೇಕು. ಲಿಂಗದಕಾಯಿ, ಶಿವದಾರ ಧರಿಸುವವರು ಅದನ್ನು ಅಂಗಿಯೊಳಗೆ ಭದ್ರವಾಗಿ ಇಟ್ಟುಕೊಳ್ಳಬೇಕು. ಗಾಡಿ ತೊಳೆದ ಒದ್ದೆ ನೆಲದ ಮೇಲೆ ನಿಂತು ಯಂತ್ರ ಹಿಡಿಯಬಾರದು. ಅರ್ಥಿಂಗ್ ಇಲ್ಲದ, ಟೇಪ್ ಸುತ್ತಿದ ವೈರ್ ಬಳಸಬಾರದು. ವೈಪರ್ ಹಾಗೂ ಏರಿಯಲ್ ಬಳಿಗೆ ಯಂತ್ರ ಒಯ್ಯಬಾರದು.

ಎಲ್ಲಿ ಕಲಿಯಬಹುದು

ಕೇಂದ್ರ ಸರಕಾರದ ಕುಶಲಕರ್ಮಿ ತರಬೇತಿ ಯೋಜನೆಯಲ್ಲಿ ‘ಮೆಕ್ಯಾನಿಕ್ ಆಟೋ ಬಾಡಿ ಪೇಂಟಿಂಗ್’ ಎಂಬ ಐಟಿಐ ವೃತ್ತಿ ಇದೆ. ಬಣ್ಣ, ಪುಟ್ಟಿ, ಪಾಲಿಶ್ ಎಲ್ಲವನ್ನೂ ಕ್ರಮವಾಗಿ ಕಲಿಯಲು ಇದು ತಕ್ಕ ದಾರಿ. ಆದರೆ ಎಲ್ಲ ಐಟಿಐಗಳಲ್ಲಿ ಎಲ್ಲ ವೃತ್ತಿಗಳಿರುವುದಿಲ್ಲ. ಅರ್ಜಿ ತುಂಬುವ ಮೊದಲು ಹತ್ತಿರದ ಸಂಸ್ಥೆಗೆ ಹೋಗಿ ಯಾವ ವೃತ್ತಿಗಳಿವೆ, ಪಾಠದ ಭಾಷೆ ಯಾವುದು ಎಂದು ಕೇಳಿಕೊಳ್ಳಬೇಕು. ಗ್ಯಾರೇಜಿನಲ್ಲಿ ಕಲಿಯುವವರು ತಮ್ಮ ವಹಿಯಲ್ಲಿ ಪ್ರತಿ ಗಾಡಿಯ ಬಣ್ಣ, ಬಳಸಿದ ಪ್ಯಾಡ್, ವೇಗ, ಬಂದ ಫಲ ಇವನ್ನು ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳಲಿ. ಒಂದು ವರ್ಷದಲ್ಲಿ ಅದು ಯಾವ ಸೂಚನಾಪತ್ರಕ್ಕಿಂತಲೂ ಮೇಲಾದ ಪುಸ್ತಕವಾಗುತ್ತದೆ.

ದಸರೆಯ ಹೊಳಪು

ನಮ್ಮ ಭಾಗದಲ್ಲಿ ಖಂಡೇನವಮಿ ಬಂತೆಂದರೆ ಗಾಡಿಗೆ ರಬ್ಬಿಂಗ್ ಹೊಡೆಸುವ ರೂಢಿ ಬೆಳೆದಿದೆ. ಪೂಜೆಯ ಅರಿಷಿಣ, ಕುಂಕುಮ, ಲಿಂಬೆಹಣ್ಣಿನ ರಸ ಬಿಸಿಲಿನಲ್ಲಿ ಬಾನೆಟ್ ಮೇಲೆ ಉಳಿದರೆ ಬಣ್ಣಕ್ಕೆ ಕಲೆ ಹಿಡಿಯುತ್ತದೆ. ಅದನ್ನು ಸಂಜೆಯೊಳಗೆ ಸಾಕಷ್ಟು ನೀರು ಹಾಯಿಸಿ ತೊಳೆದರೆ ಸಾಕು. ಒಣಗಿದ ಕುಂಕುಮವನ್ನು ಬಟ್ಟೆಯಿಂದ ತಿಕ್ಕಬಾರದು. ವರ್ಷಕ್ಕೊಮ್ಮೆ ರಬ್ಬಿಂಗ್ ಮಾಡಿಸಿದರೆ ಮಾತ್ರ ಕೆಲವೇ ದಸರೆಗಳಲ್ಲಿ ಕ್ಲಿಯರ್ ಕೋಟ್ ತೀರುತ್ತದೆ. ಒಮ್ಮೆ ಸರಿಯಾಗಿ ಪಾಲಿಶ್ ಮಾಡಿ, ಮುಂದೆ ವ್ಯಾಕ್ಸ್ ಹಾಗೂ ಎಚ್ಚರದ ತೊಳೆತದಿಂದ ಅದನ್ನು ಕಾಪಾಡುವುದೇ ಸರಿಯಾದ ಕ್ರಮ.

ಗಿರಾಕಿ ಹಣ ಕೊಡಲು ಸಿದ್ಧನಿದ್ದಾಗ “ಅಣ್ಣಾರ, ಈ ಸಲ ರಬ್ಬಿಂಗ್ ಬ್ಯಾಡ, ತೊಳೆದು ವ್ಯಾಕ್ಸ್ ಹಚ್ಚಿದ್ರ ಸಾಕ್ರಿ” ಎನ್ನುವುದು ಸುಲಭವಲ್ಲ. ಆ ದಿನದ ದುಡಿಮೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಹಾಗೆ ಹೇಳಬಲ್ಲವನೇ ಈ ಯಂತ್ರವನ್ನು ನಿಜವಾಗಿ ಕಲಿತವನು ಎಂದು ನಾವು ತಿಳಿಯುತ್ತೇವೆ.